ಉಮ್ಮನ ಮದ್ದಿನ ಖರ್ಚಿಗೆ ಝಕಾತ್ ದುಡ್ಡು ಕೊಡಬಹುದಾ?

ಬಂಟ್ವಾಳದವ:
ಅಸ್ಸಲಾಮು ಅಲೈಕುಂ. ನಾನು ಸೌದಿಯ ದಮ್ಮಾಮ್‌ನಲ್ಲಿದ್ದೇನೆ. ಉಮ್ಮ ಊರಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ಅವರಿಗೆ ಶುಗರ್ ಇದೆ, ಜೊತೆಗೆ ಮಂಡಿನೋವು. ಈ ವರ್ಷ ನನ್ನ ಕೈ ಸ್ವಲ್ಪ ಬಿಗಿ. ರಂಝಾನ್‌ಗೆಂದು ತೆಗೆದಿಟ್ಟ, ಬಡವರಿಗೆ ಕೊಡಲೇಬೇಕಾದ ಝಕಾತ್ ದುಡ್ಡನ್ನೇ ಅವರ ಮದ್ದಿಗೆ ಕಳಿಸಿದರೆ ಝಕಾತ್ ಸಂದ ಹಾಗಾಗುತ್ತದಾ? ತಿಳಿದವರು ಹೇಳಿ.

ಉಳ್ಳಾಲ ಉಸ್ತಾದ್:
ವ ಅಲೈಕುಂ ಸಲಾಂ. ಆಗುವುದಿಲ್ಲ. ತಾಯಿಯ ಕೈಯಲ್ಲಿ ಇಲ್ಲದಾಗ ಅವರನ್ನು ನೋಡಿಕೊಳ್ಳುವುದು ಮಕ್ಕಳ ಮೇಲೆ ಕಡ್ಡಾಯ, ಅದನ್ನು ಝಕಾತ್‌ನಲ್ಲಿ ತೀರಿಸಿದರೆ ನಿಮ್ಮ ಸ್ವಂತ ಖರ್ಚನ್ನು ಬಡವರ ಪಾಲಿನಿಂದ ತೆಗೆದ ಹಾಗೆ ಅಲ್ವಾ? ಕುರ್‌ಆನ್‌ನ ಸೂರಃ ಅಲ್‌ಬಖರದ 215ನೇ ಆಯತ್ (ವಚನ) ನೋಡಿ. ಯಾರಿಗೆ ಖರ್ಚು ಮಾಡಬೇಕು ಎಂದು ಹೇಳುವಾಗ ಮೊದಲು ಬರುವುದೇ ತಂದೆತಾಯಿ. ಕಷ್ಟದಲ್ಲಿರುವ ತಂಗಿಗಾದರೆ ಝಕಾತ್ ಕೊಡಬಹುದು, ಉಮ್ಮನಿಗೆ ಇಲ್ಲ. ಅಣ್ಣನ ಹತ್ತಿರ ಮಾತಾಡಿ, ಹೊಣೆ ಇಬ್ಬರದ್ದೂ.

ಮೂಡಬಿದಿರೆ ಸಹೋದರಿ:
ದುಡ್ಡು ಯಾರ ಅಕೌಂಟಿಗೆ ಕಳಿಸುತ್ತೀರಿ ಭಾಯಿ? ನನ್ನ ತಮ್ಮ ಕುವೈತ್‌ನಿಂದ ತಿಂಗಳು ತಪ್ಪದೆ ಕಳಿಸುತ್ತಿದ್ದ, ದೊಡ್ಡಣ್ಣನ ಅಕೌಂಟಿಗೆ. ಒಂದು ದಿನ ನಾನು ತವರಿಗೆ ಹೋದಾಗ ಉಮ್ಮ ಕಿಟಕಿ ಹತ್ತಿರ ಕೂತು ಬಿ.ಪಿ. ಮಾತ್ರೆಯನ್ನು ಅಡಕತ್ತರಿಯಲ್ಲಿ ಅರ್ಧ ಮಾಡುತ್ತಿದ್ದರು, ತಿಂಗಳ ಕೊನೆವರೆಗೆ ಬರಲಿ ಅಂತ. ಅಣ್ಣ ಕೆಟ್ಟವನಲ್ಲ, ಕೇಳಿದ್ದರೆ ಖಂಡಿತ ತಂದುಕೊಡುತ್ತಿದ್ದ. ಆದರೆ ಉಮ್ಮನಿಗೆ ಕೇಳಲಿಕ್ಕೆ ಮನಸ್ಸು ಬರುತ್ತಿರಲಿಲ್ಲ. ತಂದೆತಾಯಿಗೆ "ಉಫ್" ಎಂದೂ ಹೇಳಬಾರದು ಎಂಬ ಆಯತ್ ನಮಗೆಲ್ಲ ಬಾಯಿಪಾಠ, ಅದಕ್ಕೇ ಮಾತಿನ ಬಗ್ಗೆ ಮಾತ್ರ ಹುಷಾರಾಗಿರುತ್ತೇವೆ. ಅವರು ಕೇಳುವ ಹಾಗೆ ಮಾಡುವುದೂ ನೋವೇ. ದಯವಿಟ್ಟು ಅವರ ಹೆಸರಲ್ಲೇ ಅಕೌಂಟ್ ಮಾಡಿಸಿ, ಸ್ವಲ್ಪವಾದರೂ ಸೀದಾ ಅವರ ಕೈಗೆ ಸೇರಲಿ.

ಪುತ್ತೂರು ಹುಡುಗ:
ಸಹೋದರಿ ಹೇಳಿದ್ದು ಸರಿ. ಒಬ್ಬರು ಪ್ರವಾದಿಯವರ (ಸ) ಹತ್ತಿರ ಬಂದು, ನನ್ನ ಒಳ್ಳೆಯ ನಡವಳಿಕೆಗೆ ಎಲ್ಲರಿಗಿಂತ ಜಾಸ್ತಿ ಹಕ್ಕುಳ್ಳವರು ಯಾರು ಎಂದು ಕೇಳಿದಾಗ ಮೂರು ಸಲವೂ "ನಿನ್ನ ತಾಯಿ" ಎಂದೇ ಹೇಳಿದರು, ನಾಲ್ಕನೇ ಸಲ "ನಿನ್ನ ತಂದೆ". ಪ್ರವಾದಿಯವರ ಮಾತುಗಳ, ಅಂದರೆ ಹದೀಸ್‌ಗಳ, ಸಂಗ್ರಹಗಳಾದ ಬುಖಾರಿಯಲ್ಲೂ ಮುಸ್ಲಿಂನಲ್ಲೂ ಇದೆ. ಆ ಹದೀಸ್‌ನಲ್ಲಿ ದುಡ್ಡಿನ ಮಾತೇ ಇಲ್ಲ ನೋಡಿ. ದುಡ್ಡು ಕಮ್ಮಿ ಇರುವ ತಿಂಗಳು ಫೋನಾದರೂ ಜಾಸ್ತಿ ಮಾಡಿ.

ಬಂಟ್ವಾಳದವ:
ಎಲ್ಲರಿಗೂ ಜಝಾಕಲ್ಲಾಹ್. ಝಕಾತ್ ದುಡ್ಡು ಮುಟ್ಟುವುದಿಲ್ಲ. ಈಗಷ್ಟೇ ಅಣ್ಣನಿಗೆ ಫೋನ್ ಮಾಡಿದೆ, ಡಾಕ್ಟರ್ ಫೀಸು ಅವನದ್ದು, ಮದ್ದು ನನ್ನದು. ಉಮ್ಮನ ಹತ್ತಿರ ಮಾತ್ರೆ ಎಷ್ಟು ಉಳಿದಿದೆ ಎಂದು ಕೇಳಿದೆ. "ಉಂಟು, ಉಂಟು" ಎಂದರು. ಅತ್ತಿಗೆಗೆ ಹೇಳಿ ಡಬ್ಬಿಯ ಫೋಟೋ ತರಿಸಿದೆ. ಎರಡೇ ಇತ್ತು.