ತೆಂಗಿನ ಕಪ್ಪುತಲೆ ಹುಳು: ಅಪಾಯವನ್ನು ಅಳೆಯುವುದು ಹೇಗೆ?

ಪ್ರಶ್ನೆ (ಕಾಪು):
ಮಾನ್ಯರೇ, ಕಡಲ ಬದಿಯ ನಮ್ಮ ತೋಟದ 60 ತೆಂಗಿನ ಮರಗಳ ಪೈಕಿ 12 ಮರಗಳ ಕೆಳಭಾಗದ ಮಡಲುಗಳು ಫೆಬ್ರವರಿಯಿಂದ ಬೆಂಕಿ ತಗುಲಿದಂತೆ ಒಣಗುತ್ತಿವೆ. ಗರಿಗಳ ಅಡಿಯಲ್ಲಿ ಹಿಕ್ಕೆ ಮತ್ತು ನೂಲಿನಿಂದ ಹೆಣೆದ ಸುರಂಗಗಳಿವೆ. ತಂದೆಯವರು ನೆಟ್ಟ ಈ ಮರಗಳು ಉಳಿಯುವವೇ?

ಉತ್ತರ (ಬ್ರಹ್ಮಾವರ):
ಇದು ಕಪ್ಪುತಲೆ ಹುಳುವಿನ, ಅಂದರೆ ಒಪಿಸಿನಾ ಅರೆನೊಸೆಲ್ಲಾ ಎಂಬ ಪತಂಗದ ಮರಿಹುಳುವಿನ ಲಕ್ಷಣ. ಸುಳಿ ಹಸಿರಾಗಿರುವವರೆಗೆ ಮರ ಸಾಮಾನ್ಯವಾಗಿ ಸಾಯುವುದಿಲ್ಲ. ಆದರೆ ಬಾಧೆ ತೀವ್ರವಾದರೆ ಮುಂದಿನ ವರ್ಷದ ಇಳುವರಿಯೂ ಕುಸಿಯುತ್ತದೆ. ಒಣಗಿದ ಮಡಲುಗಳನ್ನಷ್ಟೇ ಎಣಿಸಿ ಅಪಾಯವನ್ನು ನಿರ್ಧರಿಸಬೇಡಿ, ಏಕೆಂದರೆ ಹುಳು ಬಿಟ್ಟುಹೋದ ಹಳೆಯ ಗಾಯವೂ ಹಾಗೆಯೇ ಕಾಣುತ್ತದೆ. ಕೆಲವು ಮರಗಳಿಂದ ಗರಿಗಳನ್ನು ಇಳಿಸಿ, ಸುರಂಗಗಳನ್ನು ಬಿಡಿಸಿ, ಜೀವಂತ ಹುಳುಗಳೆಷ್ಟು, ಪರತಂತ್ರ ಕೀಟಗಳಿಗೆ (ಹುಳುವಿನ ಮೇಲೆ ಬೆಳೆದು ಅದನ್ನು ಕೊಲ್ಲುವ ಕಣಜದಂತಹ ಕೀಟಗಳಿಗೆ) ತುತ್ತಾದವೆಷ್ಟು ಎಂದು ಬೇರೆಬೇರೆಯಾಗಿ ಎಣಿಸಿ. ತೀರಾ ಬಾಧಿತವಾದ ಕೆಳಗಿನ ಎರಡು ಮೂರು ಮಡಲುಗಳನ್ನು ಕಡಿದು ಸುಟ್ಟುಬಿಡಿ.

ಉತ್ತರ (ಮಂಗಳೂರು):
ಒಂದು ಮಾತು ಸೇರಿಸಬೇಕು. ಈ ಪತಂಗ ನಮ್ಮ ನೆಲದ್ದೇ ಆದ್ದರಿಂದ ಗೋನಿಯೋಜಸ್, ಬ್ರಾಕನ್‌ನಂತಹ ಪುಟ್ಟ ಪರತಂತ್ರ ಕಣಜಗಳು ಇಲ್ಲಿ ಅದರ ಹುಳುಗಳನ್ನು ಕೊಲ್ಲುತ್ತವೆ. ಇದೇ ಪತಂಗ ಹೊರಗಿನಿಂದ ನುಗ್ಗಿದ ಥಾಯ್ಲೆಂಡ್ ಮತ್ತು ಚೀನಾದ ಹೈನಾನ್‌ನಲ್ಲಿ ಅದು ಆಕ್ರಮಣಕಾರಿ ಪೀಡೆಯಾಗಿದೆ. ಹಾಗಾಗಿ ದಯವಿಟ್ಟು ಆತುರದಿಂದ ವಿಷ ಸಿಂಪಡಿಸಬೇಡಿ, ಕಣಜಗಳೇ ಮೊದಲು ಸಾಯುತ್ತವೆ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಇಂದು 5 ಮರಗಳ ಗರಿಗಳನ್ನು ಬಿಡಿಸಿ ನೋಡಿದೆ. 3ರಲ್ಲಿ ಜೀವಂತ ಹುಳುಗಳಿವೆ, ಸುಳಿಗಳೆಲ್ಲ ಹಸಿರಾಗಿವೆ. ನಾಳೆ ಮಡಲು ಕಡಿಸುತ್ತೇನೆ.