ಸಹಾಯ ಬೇಕು: ಕಪ್ಪತಗುಡ್ಡದ ಗಾಳಿಗೆ ತಗಡು ನಿಲ್ಲುತ್ತಿಲ್ಲ

ನಮಸ್ಕಾರ ರೀ. ಗದಗ ಜಿಲ್ಲೆಯ ಕಪ್ಪತಗುಡ್ಡದ ಬುಡದಲ್ಲಿ ನಮ್ಮ ಹೊಲ ಇದೆ. ಗುಡ್ಡ 2019ರಿಂದ ವನ್ಯಜೀವಿಧಾಮ, ಅದರೊಳಗೆ ನಾವು ಕಟ್ಟುವ ಹಾಗಿಲ್ಲ. ಅದಕ್ಕೇ ನಡೆದು ದಣಿದು ಬಂದವರು ಕೂರಲಿ ಅಂತ ನಮ್ಮ ಹೊಲದಲ್ಲೇ 8 ಅಡಿ ಅಗಲ, 10 ಅಡಿ ಉದ್ದದ ನೆರಳು ಮಾಡಿದೆವು. ಆಷಾಢದ ಗಾಳಿ ಗೊತ್ತಲ್ವಾ, ತಗಡು ಎರಡು ಸಲ ಹಾರಿತು. ಮೊದಲು ಮರಳಿನ ಚೀಲ ಹೇರಿದ್ದೆವು, ಆಮೇಲೆ ಬೋಲ್ಟ್ ಜಾಸ್ತಿ ಹಾಕಿದರೆ ಕಂಬವೇ ಕಿತ್ತು ಬಂತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ.

ಈ ಸಲ ಕಂಬವನ್ನು ಕಾಂಕ್ರೀಟಿನಲ್ಲಿ ಹೂಳುತ್ತೇವೆ. ಗೊಂದಲ ಇರೋದು ಗೋಡೆಯಲ್ಲಿ. ಗಾಳಿ ಬರುವ ಪಶ್ಚಿಮಕ್ಕೆ ಕಲ್ಲಿನ ಗೋಡೆಯನ್ನು ತಗಡಿನವರೆಗೂ ಎತ್ತಿದರೆ ಗಾಳಿ ಮೇಲೆ ಹಾದು ತಗಡನ್ನು ಎಳೆಯುತ್ತದೆ ಅಂತ ಗೌಂಡಿ ಹೇಳುತ್ತಾರೆ, ಸಂದು ಬಿಟ್ಟರೆ ಅಡಿಯಿಂದ ನುಗ್ಗಿ ಎತ್ತುತ್ತದೆ ಅನ್ನೋದು ನನ್ನ ಭಯ.

ಇಂಥ ಕಡೆ ಕಟ್ಟಿದವರು ಹೇಳಿ, ಗೋಡೆ ಪೂರ್ತಿ ಮುಚ್ಚಬೇಕಾ, ಸಂದು ಬಿಡಬೇಕಾ? ಬಿಡುವುದಾದರೆ ಎಷ್ಟು?