ಮಕ್ಕಳ ಮನೆಗೆ ಅಮೆರಿಕಕ್ಕೆ ಹೊರಟ ಹಿರಿಯರು: ಮನಸ್ಸಿನ ಕಾಯಿಲೆಯ ಮಾತ್ರೆ, ದುಭಾಷಿ, ಡಾಕ್ಟರ್ ಚೀಟಿ

ಜಗಲಿಕಟ್ಟೆ_ತೀರ್ಥಹಳ್ಳಿ:
ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಮಕ್ಕಳ ಮನೆಗೆ ಅಂತ ಅಮೆರಿಕಕ್ಕೆ ಹೋಗಿ ಆರಾರು ತಿಂಗಳು ಇದ್ದು ಬರುವ ಹಿರಿಯರಿಗಾಗಿ ಒಂದು ಹಾಳೆಯ ಮಾಹಿತಿ ಪತ್ರ ಮಾಡ್ತಾ ಇದ್ದೇವೆ. ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವಿಗೆ ಏನು ಒಯ್ಯಬೇಕು ಅಂತ ಎಲ್ಲರೂ ಹೇಳ್ತಾರೆ. ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ಳುವವರ ಮಾತು ಬಂದರೆ, ಅಥವಾ ಅಲ್ಲಿ ಹೋದಮೇಲೆ ಊಟ ನಿದ್ದೆ ಬಿಟ್ಟು ಕೂರುವವರ ಮಾತು ಬಂದರೆ, ಎಲ್ಲರೂ ಬೇರೆ ವಿಷಯಕ್ಕೆ ಹೋಗ್ತಾರೆ.

ಕೇಳಬೇಕಾದ್ದು ಇಷ್ಟು. ಇಲ್ಲಿನ ಮಾತ್ರೆ ಎಷ್ಟು ಒಯ್ಯಬಹುದು, ಅಲ್ಲಿ ಸಿಗದೇ ಇರೋದು ಯಾವುದು? ಅಲ್ಲಿನ ಡಾಕ್ಟರ ಹತ್ತಿರ ಕನ್ನಡದಲ್ಲಿ ಮಾತಾಡೋದು ಹೇಗೆ, ಮಗ ಸೊಸೆ ಪಕ್ಕದಲ್ಲಿ ಕೂತು ಹೇಳಿದರೆ ಸಾಕಾ? ಶಿವಮೊಗ್ಗದ ಡಾಕ್ಟರೇ ವಿಡಿಯೋದಲ್ಲಿ ನೋಡ್ತಾ ಹೋದರೆ ಆಗಲ್ವಾ? ಬಲ್ಲವರು ಬಿಡಿಸಿ ಹೇಳಿ.

ಮಾತ್ರೆಡಬ್ಬಿ:
ಮಾತ್ರೆ ವಿಷಯಕ್ಕೆ ಹೊರಡುವ ಎರಡು ತಿಂಗಳು ಮುಂಚೆಯೇ ಕೈ ಹಾಕಬೇಕು. ಸೂಟ್‌ಕೇಸಿಗೆ ಹಪ್ಪಳ ಸಂಡಿಗೆ ತುಂಬೋ ವಾರ ಡಾಕ್ಟರ ಹತ್ತಿರ ಓಡಿದರೆ ಏನೂ ಗಿಟ್ಟಲ್ಲ.

ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ಮೂಲ ಹೆಸರು ಬರೆಸ್ಕೊಳ್ಳಿ. ನಮ್ಮ ಕಂಪನಿಗಳು ಇಟ್ಟ ಹೆಸರು ಅಲ್ಲಿನ ಔಷಧಿ ಅಂಗಡಿಯಲ್ಲಿ ನಡೆಯಲ್ಲ. ನಮ್ಮಲ್ಲಿ ತುಂಬಾ ಬರೆಯೋದು ಖಿನ್ನತೆಗೆ ಕೊಡುವ ಎಸ್ಸಿಟಾಲೊಪ್ರಾಮ್ ಮತ್ತು ಆತಂಕ ಇಳಿಸಿ ನಿದ್ದೆ ತರಿಸುವ ಕ್ಲೊನಾಜೆಪಾಮ್ ಸೇರಿಸಿದ ಜೋಡಿ ಮಾತ್ರೆ. ಆ ಜೋಡಿ ಅಮೆರಿಕದಲ್ಲಿ ಇಲ್ಲ. ನುಂಗುವವರಿಗೆ ಅದು 'ಒಂದು ಮಾತ್ರೆ', ಒಳಗೆ ಎರಡಿದೆ ಅಂತ ಗೊತ್ತಿರಲ್ಲ. ಒಯ್ದದ್ದು ಖಾಲಿಯಾದ ದಿನ ಸುಮ್ಮನೆ ನಿಲ್ಲಿಸ್ತಾರೆ. ಕೆಲವೇ ದಿನದಲ್ಲಿ ನಿದ್ದೆ ಹೋಗುತ್ತೆ, ಕೈ ನಡುಗುತ್ತೆ, ಎದೆ ಹೊಡ್ಕೊಳ್ಳುತ್ತೆ, ಕೆಲವರಿಗೆ ಫಿಟ್ಸೂ ಬರಬಹುದು. ಮನೆಯವರು ಹಳೇ ಕಾಯಿಲೆ ಮರುಕಳಿಸಿತು ಅಂದ್ಕೊಳ್ತಾರೆ. ಆದದ್ದು ಇಷ್ಟೇ, ಕ್ಲೊನಾಜೆಪಾಮ್ ಒಮ್ಮೆಗೇ ನಿಂತಿದೆ. ಆದ್ದರಿಂದ ಇಲ್ಲಿರುವಾಗಲೇ ಎರಡನ್ನೂ ಬೇರೆ ಬೇರೆ ಮಾತ್ರೆ ಮಾಡಿಸಿ. ಕ್ಲೊನಾಜೆಪಾಮ್ ಬೇಡ ಅಂತಾದರೆ ಡಾಕ್ಟರು ಹೇಳಿದ ಲೆಕ್ಕದಲ್ಲಿ ವಾರಗಟ್ಟಲೆ ನಿಧಾನಕ್ಕೆ ಇಳಿಸಿ.

ನಿದ್ದೆಗೆ ಅಂತ ಎಟಿಝೋಲಾಮ್ ತಗೊಳ್ಳುವವರಿದ್ದರೆ ಅದನ್ನು ಬ್ಯಾಗಿಗೆ ಹಾಕಲೇಬಾರದು. ಅಮೆರಿಕದಲ್ಲಿ ಅದಕ್ಕೆ ಔಷಧವಾಗಿ ಮಂಜೂರಾತಿಯೇ ಇಲ್ಲ. 2023ರಲ್ಲಿ ಶೆಡ್ಯೂಲ್ ಒಂದರ ಪಟ್ಟಿಗೆ, ಅಂದರೆ ಹೆರಾಯಿನ್ ಇರುವ ಪಟ್ಟಿಗೆ, ಸೇರಿಸಿದ್ದಾರೆ. ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ಕೊಡುವ ಅಮಿಸಲ್‌ಪ್ರೈಡ್ ಮಾತ್ರೆಯೂ ಅಲ್ಲಿ ಮಾರಾಟಕ್ಕಿಲ್ಲ. ವರ್ಷಗಟ್ಟಲೆ ಅದರಲ್ಲೇ ಚೆನ್ನಾಗಿರುವವರು ಮೂರು ತಿಂಗಳೊಳಗೆ ವಾಪಸ್ ಬರುವ ಹಾಗೆ ಟಿಕೆಟ್ ಮಾಡಿಸೋದೇ ವಾಸಿ. ಯಾಕಂದ್ರೆ ಸ್ವಂತಕ್ಕೆ ಒಯ್ಯುವ ಮಾತ್ರೆ ಸಾಮಾನ್ಯವಾಗಿ 90 ದಿನಕ್ಕೆ ಆಗುವಷ್ಟೇ ಇರಬೇಕು. ಉಳಿದದ್ದನ್ನು ಆಮೇಲೆ ಕೊರಿಯರ್ ಮಾಡ್ತೀವಿ ಅನ್ನೋರು ತುಂಬಾ ಜನ. ಕಸ್ಟಮ್ಸಿನವರು ಹಿಡಿದಿಟ್ಟರೆ ಇಲ್ಲಿ ದುಡ್ಡು ದಂಡ, ಅಲ್ಲಿ ಮಾತ್ರೆ ಇಲ್ಲ.

ಸ್ಟ್ರಿಪ್ ಕತ್ತರಿಸಿ ಡಬ್ಬಿಗೆ ಹಾಕಬೇಡಿ, ಇಡೀ ಸ್ಟ್ರಿಪ್ಪನ್ನೇ ಕೈಚೀಲದಲ್ಲಿಟ್ಟುಕೊಳ್ಳಿ. ಡಾಕ್ಟರ ಲೆಟರ್‌ಹೆಡ್ಡಿನಲ್ಲಿ ಇಂಗ್ಲಿಷಿನ ಪತ್ರ ಬೇಕು: ಪಾಸ್‌ಪೋರ್ಟಲ್ಲಿ ಇರುವ ಹೆಸರು (ಊರಲ್ಲಿ ಕರೆಯೋದಲ್ಲ), ಕಾಯಿಲೆ, ಔಷಧದ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಯಾವ ವರ್ಷದಿಂದ, ಹಿಂದೆ ಯಾವ ಮಾತ್ರೆ ಒಗ್ಗಲಿಲ್ಲ. ಕೊನೇದನ್ನು ಎಲ್ಲರೂ ಮರೀತಾರೆ. ಅಲ್ಲಿನ ಡಾಕ್ಟರಿಗೆ ಹೆಚ್ಚು ಉಪಯೋಗಕ್ಕೆ ಬರೋದು ಅದೇ.

ಮನಸ್ಸಿನ ಏರಿಳಿತದ (ಬೈಪೋಲಾರ್) ಕಾಯಿಲೆಗೆ ಲಿಥಿಯಂ ತಗೊಳ್ಳುವವರು ಹೊರಡುವ ಮುಂಚೆ ರಕ್ತದಲ್ಲಿ ಅದರ ಮಟ್ಟ ನೋಡಿಸಿ, ಕೊನೆಯ ಮಾತ್ರೆ ಆಗಿ 12 ಗಂಟೆಗೆ ರಕ್ತ ಕೊಡಬೇಕು. ಅಲ್ಲಿ ಐಬುಪ್ರೊಫೇನ್ ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುತ್ತೆ. ಮಂಡಿನೋವಿಗೆ ಅಂತ ದಿನಾ ನುಂಗಿದರೆ ಲಿಥಿಯಂ ಮಟ್ಟ ಏರಿ ಕೈ ನಡುಕ, ವಾಂತಿ, ತೂರಾಟ ಶುರುವಾಗಬಹುದು.

ಇನ್ನೊಂದು ಮಲೆನಾಡಿನದ್ದೇ ತೊಡಕು. ಎಲೆಯಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ವಿಮಾನ ಇಳಿದ ದಿನದಿಂದ ಒಮ್ಮೆಗೇ ಬಿಟ್ಟಿರ್ತಾರೆ. ಮೊದಲ ಎರಡು ಮೂರು ವಾರ ಸಿಡುಕು, ನಿದ್ದೆಗೆಡೋದು, ಒಂದು ಕಡೆ ಕೂರಲಾಗದ್ದು, ಇದೆಲ್ಲ ನಿಕೋಟಿನ್ ಬಿಟ್ಟದ್ದರಿಂದಲೂ ಬರುತ್ತೆ. ಡಾಕ್ಟರು ಕೇಳದಿದ್ದರೂ ಹೇಳಿ. 'ಸ್ಮೋಕ್ ಮಾಡ್ತೀರಾ' ಅಂತ ಕೇಳಿದರೆ ನಮ್ಮವರು 'ಇಲ್ಲ' ಅಂತಾರೆ, ಅದು ಸುಳ್ಳೂ ಅಲ್ಲ.

ಎರಡುನಾಲಿಗೆ:
ದುಭಾಷಿ ವಿಷಯ ನಾನು ಹೇಳ್ತೀನಿ.

ಮಗ ಸೊಸೆ ಬೇಡ, ಮೊಮ್ಮಗ ಅಂತೂ ಬೇಡವೇ ಬೇಡ. 'ಸೊಸೆ ಜೊತೆ ಹೊಂದ್ಕೆ ಆಗ್ತಿಲ್ಲ' ಅನ್ನೋದನ್ನ ಸೊಸೆ ಬಾಯಿಂದಲೇ ಹೇಳಿಸೋದು ಹೇಗೆ ಮಾರಾಯ್ರೆ? ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆ, ಕ್ಲಿನಿಕ್ಕುಗಳು ದುಭಾಷಿಯನ್ನು ಪುಕ್ಕಟೆ ಕೊಡಬೇಕು. 1964ರ ನಾಗರಿಕ ಹಕ್ಕು ಕಾಯ್ದೆಯ ಆರನೇ ಅಧ್ಯಾಯ ಮತ್ತು 2010ರ ಆರೋಗ್ಯ ಕಾಯ್ದೆಯ 1557ನೇ ಸೆಕ್ಷನ್ ಇದನ್ನೇ ಹೇಳೋದು. ನೀವೇ ಯಾರನ್ನಾದರೂ ಕರ್ಕೊಂಡು ಬನ್ನಿ ಅಂತ ಅವರು ಹೇಳೋ ಹಾಗಿಲ್ಲ. ಅಪ್ರಾಪ್ತ ಮಕ್ಕಳನ್ನು ಜೀವಕ್ಕೆ ಅಪಾಯದ ತುರ್ತು ಹೊತ್ತಲ್ಲಿ ಬಿಟ್ಟರೆ ದುಭಾಷಿಯಾಗಿ ಬಳಸೋ ಹಾಗಿಲ್ಲ. ಒಂಟಿಯಾಗಿ ಕ್ಲಿನಿಕ್ ನಡೆಸುವ, ಸರ್ಕಾರದ ಹಣ ಮುಟ್ಟದ ಥೆರಪಿಸ್ಟಿಗೆ ಇದು ಅನ್ವಯಿಸದೇ ಇರಬಹುದು, ಮೊದಲೇ ಕೇಳಿ.

ಅಪಾಯಿಂಟ್‌ಮೆಂಟ್ ತಗೊಳ್ಳುವ ಫೋನಲ್ಲೇ ಎಡವಟ್ಟು ಶುರು. 'ಕನ್ನಡ' ಅಂದರೆ ಆ ಕಡೆಯವರಿಗೆ 'ಕೆನಡಾ' ಅಂತ ಕೇಳುತ್ತೆ. ಅಲ್ಲಾಂದ್ರೆ ಇಂಡಿಯಾ ಅಂದ ಕೂಡಲೇ ಹಿಂದಿ ದುಭಾಷಿ ಹಾಕ್ತಾರೆ. ಕೆ, ಎ, ಎನ್, ಎನ್, ಎ, ಡಿ, ಎ ಅಂತ ಅಕ್ಷರ ಬಿಡಿಸಿ ಹೇಳಿ, ಫೈಲಲ್ಲಿ ಬರೆಸಿ, ಹಿಂದಿನ ದಿನ ಇನ್ನೊಮ್ಮೆ ಖಾತ್ರಿ ಮಾಡ್ಕೊಳ್ಳಿ. ಎರಡು ಭಾಷೆಯಲ್ಲಿ ಮಾತು ಹೋಗಿ ಬರೋದರಿಂದ 50 ನಿಮಿಷದಲ್ಲಿ ಆಗೋದು 25 ನಿಮಿಷದ ಮಾತು. ಮೊದಲ ಭೇಟಿಗೆ ಎರಡು ಪಟ್ಟು ಸಮಯ ಕೇಳಿ. ಗುಟ್ಟು ಹೊರಗೆ ಹೋಗುತ್ತೆ, ನಾಳೆ ಕನ್ನಡ ಸಂಘದಲ್ಲಿ ಎದುರಾಗ್ತಾರೆ ಅನ್ನೋ ಭಯ ಇದ್ದರೆ ಎದುರಿಗೆ ಕೂರುವ ದುಭಾಷಿ ಬೇಡ, ಫೋನಿನ ದುಭಾಷಿ ಬೇಕು ಅನ್ನಿ. ಅವರು ಬೇರೆ ಯಾವುದೋ ರಾಜ್ಯದಲ್ಲಿರ್ತಾರೆ. ಹೆಂಗಸರು ಹೆಂಗಸನ್ನೇ ಕೇಳಬಹುದು.

ಈಗ ನಿಜವಾದ ಗೊಂದಲ, ಮಾತಿನದ್ದು. ನಿಮ್ಮ ಹಾಳೆಯಲ್ಲಿ ಇದಕ್ಕೇ ಅರ್ಧ ಜಾಗ ಬಿಡಿ.

'ಬೇಜಾರು' ಅಂದ್ರೆ ಅವಸರದ ದುಭಾಷಿ 'ಬೋರ್ ಆಗ್ತಿದೆಯಂತೆ' ಅಂತ ದಾಟಿಸ್ತಾನೆ. ಡಾಕ್ಟರು ಹವ್ಯಾಸ ಏನಾದರೂ ಇಟ್ಕೊಳ್ಳಿ ಅಂತಾರೆ, ಅಲ್ಲಿಗೆ ಮುಗೀತು. 'ಸಂಕಟ' ಹೊಟ್ಟೆ ತೊಳೆಸೋದಾಗುತ್ತೆ. 'ಮಂಡೆ ಬಿಸಿ' ಅಂದರೆ ಜ್ವರ ನೋಡ್ತಾರೆ. 'ಎದೆ ಹಿಡಿದ ಹಾಗಾಗುತ್ತೆ' ಅಂದರೆ ಇಸಿಜಿ. ಅದು ಸರಿಯೇ, ಮೊದಲು ಹೃದಯ ನೋಡಲೇಬೇಕು, ಆದರೆ ಇಸಿಜಿ ಸರಿಯಿದೆ ಅಂತ ಮನೆಗೆ ಕಳಿಸಿದ ಮೇಲೆ ಮುಂದಿನ ಪ್ರಶ್ನೆ ಯಾರೂ ಕೇಳಲ್ಲ. 'ತೀರಿಹೋದ ಯಜಮಾನರು ಕರೆದ ಹಾಗಾಗುತ್ತೆ' ಅಂದದ್ದನ್ನ ಸುಮ್ಮನೆ 'ಧ್ವನಿ ಕೇಳುತ್ತದೆ' ಅಂತ ದಾಟಿಸಿದರೆ ದೊಡ್ಡ ಕಾಯಿಲೆಯ ಮಾತ್ರೆ ಬರೆಯುವಲ್ಲಿಗೆ ಹೋಗಬಹುದು. ಯಾರು ತೀರಿಹೋದದ್ದು, ಎಷ್ಟು ದಿನವಾಯ್ತು, ಕೇಳಿದರೆ ಹೆದರಿಕೆಯಾ ಸಮಾಧಾನವಾ, ಇಷ್ಟನ್ನೂ ಸೇರಿಸಿ ಹೇಳಬೇಕು.

'ಹೂಂ' ಅಂತೂ ದೊಡ್ಡ ಮೋಸ. ಡಾಕ್ಟರು ಮಾತಾಡ್ತಿರುವಾಗ ನಮ್ಮವರು ಹೂಂಗುಟ್ಟೋದು ಕೇಳ್ತಾ ಇದ್ದೀನಿ ಅಂತ, ಒಪ್ಪಿದೆ ಅಂತಲ್ಲ. ಅಲ್ಲಿ ಅದು 'ಯೆಸ್' ಅಂತ ದಾಖಲಾಗುತ್ತೆ. ಮಾತ್ರೆ ಹೇಗೆ ತಗೊಳ್ಳಬೇಕು ಅಂತ ಹಿರಿಯರ ಬಾಯಿಂದಲೇ ತಿರುಗಿ ಹೇಳಿಸಿ ಅಂತ ಡಾಕ್ಟರಿಗೆ ಹೇಳಿ.

'ದೇವರು ಯಾಕೆ ಕರ್ಕೊಳ್ಳಲ್ಲವೋ' ಅನ್ನೋ ಮಾತು ನಮ್ಮ ಹಿರಿಯರ ಬಾಯಲ್ಲಿ ಬರ್ತಾ ಇರುತ್ತೆ. ಅದನ್ನು ದುಭಾಷಿ ಮೃದು ಮಾಡಿ ನುಂಗಬಾರದು, ಉಬ್ಬಿಸಲೂಬಾರದು. ಇದ್ದದ್ದನ್ನ ಇದ್ದ ಹಾಗೆ ದಾಟಿಸಿದರೆ ಡಾಕ್ಟರು ಮುಂದಿನದ್ದು ಕೇಳ್ತಾರೆ: ಸಾವು ತಾನಾಗಿ ಬರಲಿ ಅಂತಲೋ, ತಾನೇ ಏನಾದರೂ ಮಾಡ್ಕೊಳ್ಳಬೇಕು ಅಂತಲೋ, ಹೇಗೆ ಅಂತ ಯೋಚಿಸಿದ್ದಾರಾ.

ಹೊರನಾಡ_ಮನಶ್ಶಾಸ್ತ್ರ:
ವಿಡಿಯೋ ಪ್ರಶ್ನೆಗೆ: ಆಗಲ್ಲ. ರೋಗಿ ಆ ಹೊತ್ತು ಯಾವ ರಾಜ್ಯದಲ್ಲಿ ಕೂತಿದ್ದಾರೋ ಆ ರಾಜ್ಯದ ಲೈಸೆನ್ಸ್ ಬೇಕು ಅನ್ನೋದು ಅಮೆರಿಕದ ನಿಯಮ. 2020ರ ಮಾರ್ಚಿನ ನಮ್ಮ ಟೆಲಿಮೆಡಿಸಿನ್ ಮಾರ್ಗಸೂಚಿಯೂ ದೇಶದ ಹೊರಗಿನ ಚಿಕಿತ್ಸೆಯನ್ನು ವ್ಯಾಪ್ತಿಗೆ ತಗೊಂಡಿಲ್ಲ. ಇಲ್ಲಿಂದ ಬರೆದ ಚೀಟಿಗೆ ಅಲ್ಲಿನ ಅಂಗಡಿಯವರು ಮಾತ್ರೆ ಕೊಡಲ್ಲ. ಶಿವಮೊಗ್ಗದ ಡಾಕ್ಟರು ಅಲ್ಲಿನ ಡಾಕ್ಟರ ಜೊತೆ ಮಾತಾಡಬಹುದು, ಹಳೇ ದಾಖಲೆ ಕಳಿಸಬಹುದು, ಅದಕ್ಕೆ ರೋಗಿಯ ಲಿಖಿತ ಒಪ್ಪಿಗೆ ಬೇಕು.

ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲೇ ಬೇರೆ ರಾಜ್ಯದಲ್ಲಿದ್ದರೆ ದಾರಿ ಇದೆ. ಸೈಪ್ಯಾಕ್ಟ್ ಅನ್ನುವ ರಾಜ್ಯಗಳ ಒಪ್ಪಂದಕ್ಕೆ ಎರಡೂ ರಾಜ್ಯ ಸೇರಿದ್ದು, ಅವರು ಅದರ ಪರವಾನಗಿ ಪಡೆದಿದ್ದರೆ ವಿಡಿಯೋದಲ್ಲಿ ನೋಡಬಹುದು. ಆದರೆ ಅದು ಮನಶ್ಶಾಸ್ತ್ರಜ್ಞರಿಗೆ, ಮಾತ್ರೆ ಬರೆಯುವ ಮನೋವೈದ್ಯರಿಗಲ್ಲ. ಪ್ರವಾಸಿ ವಿಮೆ ಕೊಳ್ಳುವಾಗ 'ಮೊದಲಿಂದ ಇದ್ದ ಕಾಯಿಲೆ', 'ಮಾನಸಿಕ ಕಾಯಿಲೆ' ಅನ್ನೋ ಎರಡು ಸಾಲು ಹುಡುಕಿ ಓದಿ. ಎಷ್ಟೋ ಪಾಲಿಸಿಗಳಲ್ಲಿ ಎರಡೂ ಹೊರಗಿರುತ್ತೆ. ಇನ್ನು 14416, ಅಂದರೆ ನಮ್ಮ ಸರ್ಕಾರದ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ, ದೇಶದ ಒಳಗಿನ ಕರೆಗೆ. ಊರಲ್ಲಿ ಉಳಿದ ಮನೆಯವರು ಸಲಹೆ ಕೇಳೋಕೆ ಬಳಸಬಹುದು, ಕನ್ನಡದಲ್ಲೇ ಮಾತಾಡ್ತಾರೆ, ಹಗಲು ರಾತ್ರಿ ಇರುತ್ತೆ.

ಭೇಟಿಯ ದಿನ ಡಾಕ್ಟರಿಗೆ ಒಂದು ಮಾತು ಹೇಳಿ: ಸಾಂಸ್ಕೃತಿಕ ಹಿನ್ನೆಲೆಯ ಸಂದರ್ಶನ ಮಾಡ್ತೀರಾ ಅಂತ. ಮನಸ್ಸಿನ ಕಾಯಿಲೆ ಗುರುತಿಸೋಕೆ ಅಲ್ಲಿನ ಡಾಕ್ಟರು ಬಳಸುವ ಕೈಪಿಡಿ, 2013ರ ಡಿಎಸ್ಎಂ-5ರಲ್ಲೇ 16 ಪ್ರಶ್ನೆಗಳ ಆ ಪಟ್ಟಿ ಇದೆ. ಈ ತೊಂದರೆಗೆ ನಿಮ್ಮ ಮನೇಲಿ ಏನಂತಾರೆ, ಯಾಕೆ ಬಂತು ಅಂತ ನಿಮಗನ್ನಿಸುತ್ತೆ, ಇದುವರೆಗೆ ಯಾರ ಹತ್ತಿರ ಹೋಗಿದ್ದಿರಿ, ಹೀಗೆ. ಉತ್ತರ ಮೊದಲೇ ಕನ್ನಡದಲ್ಲಿ ಅರ್ಧ ಪುಟ ಬರೆದಿಟ್ಟುಕೊಂಡರೆ ಸಮಯ ಉಳಿಯುತ್ತೆ.

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಹಾಳೆ ತುಂಬಾ ಕಡೆ ಕೊಡ್ತಾರೆ. ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ, 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಂಭೀರವಾಗಿ ನೋಡ್ತಾರೆ. ಮೊದಲ ಪ್ರಶ್ನೆಯೇ ಆಸಕ್ತಿ ಕಡಿಮೆಯಾಗಿದೆಯಾ ಅಂತ. 'ಈ ವಯಸ್ಸಲ್ಲಿ ಎಂಥ ಆಸಕ್ತಿ' ಅಂತ ಸೊನ್ನೆ ಹಾಕ್ತಾರೆ. ಹೂ ಕಟ್ಟೋಕೆ, ಸಂಜೆ ದೀಪ ಹಚ್ಚೋಕೆ, ಊರಿನ ಫೋನ್ ಬಂದರೆ ಮಾತಾಡೋಕೆ ಮನಸ್ಸಾಗುತ್ತಾ ಅಂತ ಬಿಡಿಸಿ ಕೇಳಿದರೆ ಬೇರೆ ಉತ್ತರ ಬರುತ್ತೆ. ಒಂಬತ್ತನೇದು ಸಾಯುವ ಯೋಚನೆಯದ್ದು. ಒಟ್ಟು ಅಂಕ ಎಷ್ಟೇ ಇರಲಿ, ಅದರಲ್ಲಿ ಸೊನ್ನೆ ಬಿಟ್ಟು ಬೇರೇನೇ ಬಂದರೂ ಅವತ್ತೇ ಮಾತಾಡಬೇಕು.

ಜಗಲಿಕಟ್ಟೆ_ತೀರ್ಥಹಳ್ಳಿ:
ಮೂವರಿಗೂ ಧನ್ಯವಾದ. ಇನ್ನೆರಡು. ನಾಗನಿಗೆ ಹರಕೆ, ಚೌಡಿ, ಮೈಮೇಲೆ ಬರೋದು ಇವನ್ನೆಲ್ಲ ಅಲ್ಲಿ ಬಾಯಿಬಿಟ್ಟರೆ ಹುಚ್ಚು ಅಂತ ಬರೀತಾರಾ? ಅಮ್ಮ ಮನೋವೈದ್ಯರಿಗೆ ತೋರಿಸಿದರೆ ಮಗನ ಗ್ರೀನ್ ಕಾರ್ಡಿಗೆ ಅಡ್ಡಿ ಅಂತ ಕೆಲವರು ಹೆದರಿಸ್ತಾರೆ, ಹೌದಾ?

ಹೊರನಾಡ_ಮನಶ್ಶಾಸ್ತ್ರ:
ಗ್ರೀನ್ ಕಾರ್ಡಿನದ್ದು ಸುಳ್ಳು ಭಯ. ಅಮ್ಮನ ಫೈಲು ಅಮ್ಮನದ್ದು, ಮಗನ ಅರ್ಜಿಗೂ ಅದಕ್ಕೂ ಸಂಬಂಧ ಇಲ್ಲ. ಅರ್ಜಿದಾರರ ಸ್ವಂತ ವೈದ್ಯಕೀಯ ಪರೀಕ್ಷೆಯಲ್ಲೂ ನೋಡೋದು ಕಾಯಿಲೆಯಿಂದ ತನಗೋ ಬೇರೆಯವರಿಗೋ ಅಪಾಯವಾಗುವ ನಡವಳಿಕೆ ಇದೆಯಾ ಅಂತ. ಥೆರಪಿಗೆ ಹೋದ ಮಾತ್ರಕ್ಕೆ ಅನರ್ಹರಾಗಲ್ಲ.

ಹರಕೆ ಮುಚ್ಚಿಡಬೇಡಿ. ಊರಲ್ಲಿ ಹತ್ತು ಜನ ಒಪ್ಪುವ ಆಚರಣೆ ಇದು ಅಂತ ಸೇರಿಸಿ ಹೇಳಿದರೆ ಸಾಕು. ಆದರೆ ಊರಿನವರಿಗೇ 'ಇದೇನೋ ಬೇರೆ ಥರ ಇದೆ' ಅನ್ನಿಸಿದ್ದರೆ ಅದನ್ನೂ ಹೇಳಬೇಕು.

ಮಾತ್ರೆಡಬ್ಬಿ:
ಒಂದು ಭಿನ್ನಾಭಿಪ್ರಾಯ. 'ನಮ್ಮಲ್ಲಿ ಹೀಗೇ' ಅನ್ನೋ ಮಾತಿಗೆ ಹಾಳೆಯಲ್ಲಿ ಜಾಸ್ತಿ ಜಾಗ ಕೊಡಬೇಡಿ. ಅಲ್ಲಿ ಹಿರಿಯರನ್ನು ಒಂಟಿಯಾಗಿ ಕೂರಿಸಿ 'ನಿಮ್ಮ ದುಡ್ಡು ಯಾರ ಕೈಲಿದೆ, ಪಾಸ್‌ಪೋರ್ಟ್ ಯಾರ ಹತ್ತಿರ, ದಿನಕ್ಕೆ ಎಷ್ಟು ಗಂಟೆ ಮಗು ನೋಡ್ಕೊಳ್ತೀರಿ' ಅಂತ ಕೇಳಬಹುದು. ಮನೆಯವರಿಗೆ ಅವಮಾನ ಅನ್ನಿಸುತ್ತೆ. ಕೇಳಲಿ ಬಿಡಿ. ಎಷ್ಟೋ ಮನೆಗಳಲ್ಲಿ ಕಾಯಿಲೆಯ ಬೇರು ಅಲ್ಲೇ ಇರುತ್ತೆ. ಆ ಹೊತ್ತು ಮಗ ಸೊಸೆ ಹೊರಗಿರಬೇಕು.

ಜಗಲಿಕಟ್ಟೆ_ತೀರ್ಥಹಳ್ಳಿ:
ಸೇರಿಸ್ತೀವಿ. ಕೊನೇದು: ಇಂಗ್ಲಿಷ್ ಬಾರದ ಅಮ್ಮ ಮನೇಲಿ ಒಬ್ಬರೇ ಇರುವಾಗ ತೀರಾ ಕಷ್ಟ ಅನ್ನಿಸಿದರೆ ಏನು ಒತ್ತಬೇಕು?

ಎರಡುನಾಲಿಗೆ:
988. ಸಾಯುವ ಯೋಚನೆ, ಮನಸ್ಸಿನ ತುರ್ತು ಕಷ್ಟಕ್ಕೆ ಇರುವ ಸಹಾಯವಾಣಿ ಇದು, 2022ರ ಜುಲೈಯಿಂದ ಇಡೀ ಅಮೆರಿಕಕ್ಕೆ ಇದೇ ನಂಬರು. ಮೊದಲು ರೆಕಾರ್ಡ್ ಮಾಡಿದ ಇಂಗ್ಲಿಷ್ ಮಾತು ಬರುತ್ತೆ, ಏನೂ ಒತ್ತಬೇಡಿ, ಕಾಯಿರಿ. ಮನುಷ್ಯರ ದನಿ ಬಂದಾಗ 'ಇಂಟರ್‌ಪ್ರಿಟರ್, ಕನ್ನಡ, ಸೌತ್ ಇಂಡಿಯಾ' ಅಂತ ಎರಡು ಸಲ ಹೇಳಿ. ಆಮೇಲೆ ಸ್ವಲ್ಪ ಹೊತ್ತು ಲೈನು ಸುಮ್ಮನಾಗಬಹುದು, ದುಭಾಷಿಯನ್ನು ಜೋಡಿಸ್ತಿರ್ತಾರೆ. ಫೋನ್ ಕಟ್ಟಾಯ್ತು ಅಂದ್ಕೊಂಡು ಅಲ್ಲೇ ಇಟ್ಟುಬಿಡೋದೇ ತಪ್ಪು. ಮೆಸೇಜ್ ಕಳಿಸಿದರೆ ಕನ್ನಡ ನಡೆಯಲ್ಲ, ಕರೆಯೇ ಮಾಡಬೇಕು. ಏನಾದರೂ ಮಾಡ್ಕೊಂಡೇ ಬಿಟ್ಟಿದ್ದರೆ 911, ಅಂದರೆ ಅಲ್ಲಿನ ಆಂಬುಲೆನ್ಸ್, ಪೊಲೀಸರ ತುರ್ತು ನಂಬರು. 'ಇಂಟರ್‌ಪ್ರಿಟರ್, ಕನ್ನಡ, ಸೌತ್ ಇಂಡಿಯಾ' ಅನ್ನೋ ಮಾತನ್ನ ಕನ್ನಡ ಅಕ್ಷರದಲ್ಲಿ ದಪ್ಪಗೆ ಬರೆದು, ಮನೆಯ ವಿಳಾಸವನ್ನೂ ಕೆಳಗೆ ಬರೆದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ವಿಳಾಸ ಇಂಗ್ಲಿಷಲ್ಲೂ ಇರಲಿ.